ನರ್ಸಮ್ಮನ ಗೋದಲಿ

ಮೊನ್ನೆ ದೇವದುರ್ಗದಿಂದ ರಾಯಚೂರಿಗೆ ಬರುವಾಗ ಬಸ್ಸು ಗಬ್ಬೂರಿನಲ್ಲಿ ನಿಂತಿತು. ರಸ್ತೆ ಬದಿಯ ಜಾಲಿ ಕಂಟಿಗೆ ಬೆಳ್ಳಿ ಬಣ್ಣದ ಬೇಗಡೆ ಸರವೊಂದು ಸಿಕ್ಕಿಕೊಂಡು ಬಿಸಿಲಿಗೆ ಹೊಳೆಯುತ್ತಿತ್ತು. ಯಾರ ಮನೆಯ ಹಬ್ಬದ್ದೋ ಏನೋ... ಅದರ ಬುಡದಲ್ಲೇ ಎಮ್ಮೆಯೊಂದು ಮೇಯುತ್ತಿತ್ತು. ನಾನು ಇಳಿದು ಹೋಗಿ, ಕೈಗೆ ಮುಳ್ಳು ಗೀರಿಸಿಕೊಂಡು, ಸರ ಬಿಡಿಸಿ ಚೀಲಕ್ಕೆ ಹಾಕಿಕೊಂಡು ಬಂದೆ. ಪಕ್ಕದ ಸೀಟಿನವರು ನನ್ನನ್ನು ಒಂಥರಾ ನೋಡಿದರು. ಅವರಿಗೆ ನರ್ಸಮ್ಮನ ವಿಷಯ ಎಲ್ಲಿಂದ ಶುರು ಮಾಡಿ ಹೇಳಲಿ?

ರಾಯಚೂರಿನ ನಮ್ಮ ಓಣಿಯಲ್ಲಿ ಅವರದು ನಮ್ಮ ಎದುರು ಮನೆ. ಮಾನ್ವಿ ಕಡೆಯ ಬಾಗಲವಾಡದವರು. ದವಾಖಾನೆಯಲ್ಲಿ ನರ್ಸಾಗಿ ದುಡಿದು, ನಿವೃತ್ತಿಯಾದ ಮೇಲೆ ಒಬ್ಬರೇ ಇದ್ದರು. ಓಣಿಯ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡದ್ದು ಅವರೇ. ನನ್ನನ್ನೂ. ನಾವು ಮಸರಕಲ್ಲಿನ ಕುರಿ ಕಾಯುವ ಮಂದಿ. ಕುರಿ ಮಾರಿ ನಗರಕ್ಕೆ ಬಂದ ಅಪ್ಪ ತೀರಿಕೊಂಡ ಮೇಲೆ ಅವ್ವ ಒಂದು ಎಮ್ಮೆ ಕಟ್ಟಿಕೊಂಡು, ಅದರ ಹಾಲಿನಲ್ಲಿ ಮನೆ ನಡೆಸುತ್ತಿದ್ದಳು.

ಕ್ರಿಸ್‌ಮಸ್ ಬಂದರೆ ನರ್ಸಮ್ಮನ ಅಂಗಳದಲ್ಲಿ ಇಡೀ ಓಣಿಗೆ ಊಟ. ಬೆಳ್ಳಿ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟ, ಬಾಗಿಲ ತುಂಬ ಮಿಂಚುವ ಸರ. ಮರುದಿನ ಅಷ್ಟೂ ಓಣಿಯ ಬಾಯಿಗೆ ಗುಡ್ಡೆ ಬೀಳುತ್ತಿತ್ತು. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಹಾಗೊಂದು ಹಬ್ಬ ಕಳೆದ ಮೇಲೆ ನಮ್ಮ ಎಮ್ಮೆ ಮೆಲುಕು ಹಾಕುವುದನ್ನು ಬಿಟ್ಟಿತು. ಹೊಟ್ಟೆ ನಗಾರಿಯಂತೆ ಉಬ್ಬಿತು. ದನದ ಡಾಕ್ಟರು ಬಂದು, ನಮ್ಮ ಮನೆ ಮುಂದಿನ ಬೇವಿನ ಮರದ ಕೆಳಗೇ ಎಡ ಪಕ್ಕೆ ಕೊಯ್ದು ಒಳಗೆ ಕೈ ಹಾಕಿದರು. ಓಣಿಯೆಲ್ಲ ಸುತ್ತ ನಿಂತಿತ್ತು. ಡಾಕ್ಟರು ಎಳೆದಂತೆಲ್ಲ ಬರುತ್ತಲೇ ಇತ್ತು. ಕ್ಯಾರಿಬ್ಯಾಗು, ಹಗ್ಗದ ತುಂಡು, ಮುದ್ದೆಯಾದ ತಟ್ಟೆ. ಕೊನೆಗೊಂದು ಕೆಂಪು ರಿಬ್ಬನ್ನು, ಅದಕ್ಕೆ ಸುತ್ತಿಕೊಂಡ ಬೇಗಡೆ ಸರ.

ನರ್ಸಮ್ಮ ಮುಂದೆ ಬಂದರು.

"ಆ ರಿಬ್ಬನ್ ನಮ್ಮ ಮನಿದು," ಅಂದರು. "ನಾನೇ ಕಟ್ಟಿದ್ದು."

"ಇದು ಒಂದಿನ ತಿಂದದ್ದಲ್ಲಮ್ಮ. ವರ್ಷಾನುಗಟ್ಟಲೆ ಸೇರಿದ್ದು. ಯಾರದು ಅಂತ ಹೇಳೋಕಾಗಲ್ಲ," ಎಂದರು ಡಾಕ್ಟರು.

"ಇರಬಹುದ್ರಿ. ಆದ್ರ ನಮ್ಮದೂ ಅದ."

ಯಾರದೆಂದು ಕೇಳಿದವರಿರಲಿಲ್ಲ, ಬೆರಳು ತೋರಿಸಿದವರೂ ಇರಲಿಲ್ಲ. ಅಷ್ಟು ಜನರ ನಡುವೆ ಆ ಮಾತು ಹೇಳಿದ ಅವರ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ.

ಎಮ್ಮೆ ಉಳಿಯಲಿಲ್ಲ. ಹಾಲು ಕುಡಿಯುವ ಕರು ಉಳಿಯಿತು. ಮರುದಿನ ಬೆಳಗ್ಗೆ ನರ್ಸಮ್ಮ ಹಾಲಿನ ಬಾಟಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅವ್ವ ಮುಖ ತಿರುಗಿಸಿ ಒಳಗೆ ಹೋದಳು. ಅವರು ಕರುವಿನ ಗದ್ದ ಎತ್ತಿ ಹಿಡಿದು ಕುಡಿಸಿ ಹೋದರು. ಸಂಜೆ ಮತ್ತೆ ಬಂದರು. ಹೀಗೆ ಎಷ್ಟು ದಿನ ನಡೆಯಿತೋ... ಒಂದು ಬೆಳಗ್ಗೆ ಅವ್ವ ಒಳಗಿನಿಂದಲೇ, "ಅಕ್ಕಾರ, ಛಾ ಇಟ್ಟೀನಿ, ಕುಡದು ಹೋಗ್ರಿ," ಅಂದಳು.

ಮುಂದಿನ ಡಿಸೆಂಬರ್ ಬಂತು. ನರ್ಸಮ್ಮ ತಮ್ಮ ಹಳೆಯ ಬಿಳಿ ಸೀರೆ ಹರಿದು, ಬಿದಿರ ಕಡ್ಡಿಗೆ ಬಿಗಿದು, ಒಳಗೆ ಬಲ್ಬು ಇಟ್ಟು ನಕ್ಷತ್ರ ಮಾಡಿದರು. ಡ್ಯೂಟಿಗೆ ಉಡುತ್ತಿದ್ದ ಸೀರೆ ಅದು. ಏಸು ಹುಟ್ಟಿದ ಗೋದಲಿಗೆ ಥರ್ಮಾಕೋಲು ತರಲಿಲ್ಲ. ಬಾಗಲವಾಡದಿಂದ ಜೋಳದ ಕಣಿಕೆ, ಒಣ ದಂಟಿನ ಹೊರೆ ತರಿಸಿ ಗುಡಿಸಲು ಕಟ್ಟಿದರು. ಮಕ್ಕಳಿಗೆ ಕೊಡುವ ಕರ್ಚಿಕಾಯಿಯನ್ನು ಸೀರೆಯ ತುಂಡಿನಲ್ಲಿ ಗಂಟು ಕಟ್ಟಿಟ್ಟರು. ಆಮೇಲೆ ಮನೆಮನೆಗೆ ಹೋಗಿ ಕರೆದರು. "ಹಬ್ಬಕ್ಕ ಬರ್ರಿ. ಬರುವಾಗ ನಿಮ್ಮ ತಾಟು, ಲೋಟ ತರ್ರಿ."

ಓಣಿಗೆ ಇದು ಸರಿ ಬೀಳಲಿಲ್ಲ. ಪ್ರತಿ ವರ್ಷ ಅವರ ಅಂಗಳದಲ್ಲಿ ಬಗಾರಾ ಅನ್ನ ಮಾಡಿಕೊಡುತ್ತಿದ್ದ ಹಣ್ಣಿನಂಗಡಿ ಮಾಮು ಮುಖದ ಮೇಲೇ ಅಂದರು: "ಡೇಗ್ ನಂದು ತಗೊಳ್ರಿ, ಅಡಿಗಿ ನಾ ಮಾಡ್ತೀನಿ. ಆದ್ರ ದಾವತ್‌ಗೆ ಕರದು ತಾಟು ನೀವೇ ತರ್ರಿ ಅನ್ನೂದು ಎಲ್ಲಿ ಪದ್ಧತಿ ರೀ? ಮಂದಿ ಭಿಕ್ಷಾಕ್ಕ ಬಂದಂಗ ಕಾಣ್ತಾರ."

"ನನಗೂ ನಾಚಿಕಿ ಆಗ್ತದ ಮಾಮು," ಅಂದರು ನರ್ಸಮ್ಮ. "ಆದ್ರ ಆ ಬ್ಯಾವಿನ ಗಿಡದ ಕೆಳಗ ಆದಷ್ಟು ನಾಚಿಕಿ ಅಲ್ಲ."

ಹಬ್ಬದ ದಿನ ಪ್ರಾರ್ಥನೆ ಮುಗಿಸಿ ಬಂದು ಅವರು ಅಂಗಳಕ್ಕೆ ಚಾಪೆ ಹಾಸಿದರು. ಅನ್ನ, ದಾಲ್ಚಾ ತಯಾರಿತ್ತು. ಮಾಮು ಡೇಗಿನ ಬಾಯಿಗೆ ಮುಚ್ಚಳ ಹಾಕಿ ಮನೆಗೆ ಹೋಗಿಬಿಟ್ಟರು. ಯಾರೂ ಬರಲಿಲ್ಲ. ಬಾಗಿಲುಗಳು ಅರ್ಧ ತೆರೆದಿದ್ದವು. ಒಳಗಿನಿಂದ ಎಲ್ಲರೂ ನೋಡುತ್ತಿದ್ದರು. ನರ್ಸಮ್ಮ ಹೊಸ್ತಿಲ ಮೇಲೆ ಕೈ ಕಟ್ಟಿಕೊಂಡು ಕೂತಿದ್ದರು. ಅಷ್ಟು ಸಣ್ಣಗೆ ಅವರು ಎಂದೂ ಕಂಡಿರಲಿಲ್ಲ.

ಅವ್ವ ನಮ್ಮ ತಾಟುಗಳನ್ನು ತೊಳೆದು ಎದೆಗೆ ಒತ್ತಿ ಹಿಡಿದು ಹೊರಟಳು. ಎದುರಿಗೇ ಇದ್ದ ಮನೆಗೆ ನೇರ ಹೋಗಲಿಲ್ಲ. ಓಣಿಯ ಬಾಯಿಯವರೆಗೆ ನಡೆದಳು.

"ಯವ್ವಾ, ಆ ಕಡಿ ಎಲ್ಲಿಗಿ ಹೊಂಟಿ?" ಎಂದೆ.

"ಎಲ್ಲಾರಿಗೂ ಕಾಣ್ಲಿ, ಸುಮ್ಮನ ಬಾ."

ಅಲ್ಲಿಂದ ತಿರುಗಿ, ಒಂದೊಂದೇ ಬಾಗಿಲ ಮುಂದೆ ನಿಧಾನವಾಗಿ ಹಾದು ಬಂದಳು. ಎಮ್ಮೆ ಕಳೆದುಕೊಂಡವಳೇ ತಾಟು ಹಿಡಿದು ಹೊರಟ ಮೇಲೆ ಉಳಿದವರು ಒಳಗೆ ಹೇಗೆ ಕೂತಾರು? ಮೊದಲು ಮಾಮುವಿನ ಮನೆಯ ಬಾಗಿಲು ಪೂರ್ತಿ ತೆರೆಯಿತು. ಮನೆಮಂದಿಯ ತಾಟುಗಳನ್ನೆಲ್ಲ ಚಾದರದಲ್ಲಿ ಗಂಟು ಕಟ್ಟಿ ಹೆಗಲಿಗೇರಿಸಿ ಮಾಮು ಬಂದರು. ಆಮೇಲೆ ಓಣಿಯ ತುಂಬ ಸ್ಟೀಲಿನ ಸದ್ದು... ಗುಡಿಯ ಗಂಟೆ, ಚರ್ಚಿನ ಗಂಟೆ ಬಹಳ ಕೇಳಿದ್ದೇನೆ. ಮೈ ಜುಮ್ಮೆಂದದ್ದು ಆ ಸದ್ದಿಗೆ ಮಾತ್ರ.

ನರ್ಸಮ್ಮ ಅವ್ವನ ತಾಟಿಗೆ ಅನ್ನ ಹಾಕುವಾಗ ಸೌಟು ತಾಟಿನ ಮೇಲೇ ನಿಂತುಬಿಟ್ಟಿತು. "ಹಾಕ್ರಿ ಅಕ್ಕಾರ, ಹಸಿವಾಗ್ಯದ," ಅಂದಳು ಅವ್ವ.

ಮರುದಿನ ಬೆಳಗ್ಗೆ ಓಣಿಯ ಬಾಯಿಯ ಗುಡ್ಡೆ ಎತ್ತುವ ಕಸದ ಗಾಡಿಯವನು ಅವರ ಮನೆ ಮುಂದೆ ನಿಂತ. ಅಷ್ಟು ದೊಡ್ಡ ಊಟದ ಮನೆಯಿಂದ ನರ್ಸಮ್ಮ ತಂದು ಹಾಕಿದ್ದು ಒಂದು ಬೊಗಸೆಯಷ್ಟು ಕಸ. "ಮತ್ತ ಉಳಿದದ್ದು?" ಎಂದು ಅವನು ಬಗ್ಗಿ ನೋಡಿದ. ಉಳಿದದ್ದು ಇರಲೇ ಇಲ್ಲ. ಹೊಸ ವರ್ಷ ಕಳೆದ ಮೇಲೆ ಅವರು ಗೋದಲಿ ಬಿಚ್ಚಿ, ಕಣಿಕೆಯನ್ನು ತಲೆ ಮೇಲೆ ಹೊತ್ತು ತಂದು ನಮ್ಮ ಕರುವಿನ ಮುಂದಿನ ಗೋದಲಿಗೆ ಹಾಕಿದರು. ಕರು ಆಗಲೇ ಮಣಕಾಗುವಷ್ಟು ಬೆಳೆದಿತ್ತು. "ಅಲ್ಲಿದ್ದದ್ದೂ ಗೋದಲಿ, ಇದೂ ಗೋದಲಿ," ಎಂದು ಅದರ ಹಣೆ ಸವರಿದರು. ಅದು ಕಟಕಟ ಅಗಿಯುವುದನ್ನು ಪೂಜೆ ನೋಡುವವರ ಹಾಗೆ ನಾವು ನಿಂತು ನೋಡಿದೆವು.

ಆಮೇಲಿನ ವರ್ಷಗಳಲ್ಲಿ ತಾಟು ತರ್ರಿ ಎಂದು ಅವರು ಹೇಳಬೇಕಾಗಲೇ ಇಲ್ಲ.

ಹೋದ ಮಳೆಗಾಲದಲ್ಲಿ ನರ್ಸಮ್ಮ ತೀರಿಕೊಂಡರು. ತಮ್ಮಂದಿರು ಬಂದು ಬಾಗಲವಾಡಕ್ಕೆ ಕರೆದೊಯ್ದು ಮಣ್ಣು ಮಾಡಿದರು. ಮನೆಗೆ ಬೀಗ ಬಿದ್ದಿದೆ.

ಇವತ್ತು ಕ್ರಿಸ್‌ಮಸ್. ಹೊತ್ತು ನೆತ್ತಿಗೆ ಬಂದರೂ ಅವ್ವ ಹೊರಗೆ ಕಟ್ಟೆಯ ಮೇಲೇ ಕೂತಿದ್ದಳು. "ಅಡಿಗಿ ಮಾಡಂಗಿಲ್ಲೇನವ್ವಾ?" ಎಂದು ಕೇಳಿದೆ.

"ಈ ದಿನ ನಮ್ಮ ಮನ್ಯಾಗ ಒಲಿ ಹಚ್ಚಿದ್ದ ನೆನಪಿಲ್ಲ," ಅಂದಳು. "ಏನ್ ಮಾಡ್ಬೇಕಂತ ತಿಳಿವಲ್ದು."

ಅವಳು ಏಳಲಿಲ್ಲ. ನಾನೇ ಒಳಗೆ ಹೋಗಿ ಒಲೆ ಹಚ್ಚಿದೆ.