ಲಿಫ್ಟ್ ಪಕ್ಕದ ಬೆಟ್ಟ

ಸ್ವೀಡನ್ನಿನ ಸುಂಡ್‌ಬೀಬರ್ಯ್ ಊರಿನ ನಮ್ಮ ಕಟ್ಟಡದಲ್ಲಿ, ಲಿಫ್ಟ್ ಪಕ್ಕದ ಗೋಡೆಯ ಮೇಲೆ ನನ್ನ ಯಜಮಾನರ ಹೆಸರಿತ್ತು. ಕಪ್ಪು ಅಂಚಿನ ಕಾಗದ, ಹೆಸರಿನ ಕೆಳಗೆ ವಯಸ್ಸು, ಮೇಲೆ ಪೆನ್ಸಿಲ್‌ನಲ್ಲಿ ಬಿಡಿಸಿದ ಒಂದು ಬೆಟ್ಟ. ಅವರು ತೀರಿಕೊಂಡದ್ದನ್ನು ನಾನು ಹೇಳಿದ್ದು ಕೆಳಮನೆಯ ಆಂಟೋನಿಯೊ ಒಬ್ಬರಿಗೇ. ಉಳಿದವರು ಕೇಳಿರಲಿಲ್ಲ. ಇಲ್ಲಿ ಯಾರೂ ಕೇಳುವುದಿಲ್ಲ.

ಕಾಗದ ಕಿತ್ತುಹಾಕಲು ಹೇಳಬೇಕೆಂದು ಆಂಟೋನಿಯೊ ಅವರ ಬಾಗಿಲು ತಟ್ಟಿದೆ. ಇಟಲಿಯ ಆ ಹಿರಿಯರು ಏಪ್ರನ್ ತೊಟ್ಟುಕೊಂಡೇ ಬಂದರು.

“ಆಲ್ಪ್ಸ್ ಬುಡದ ನಮ್ಮೂರಲ್ಲಿ ಸತ್ತೋರ ಹೆಸರನ್ನ ಹಳೇ ಕೋಟೆ ಗೋಡೆಗೆ ಅಂಟಿಸ್ತೀವಮ್ಮ. ನಮ್ಮಜ್ಜನ ಕಾಲದಿಂದ್ಲೂ ಹಂಗೇ. ಬ್ರೆಡ್ ತರೋಕೆ ಹೋದೋರೆಲ್ಲ ನಿಂತು ಓದ್ತಾರೆ. ಇಲ್ಲಿ ಕೋಟೆ ಇಲ್ಲ, ಲಿಫ್ಟ್ ಇದೆ.”

“ಬೆಟ್ಟ ಯಾಕೆ?”

“ಅದು ಶಿಲುಬೆ ಹಾಕೋ ಜಾಗ. ನಿಮ್ಮೋರಿಗೆ ಏನು ಹಾಕ್ಬೇಕೋ ಗೊತ್ತಾಗ್ಲಿಲ್ಲ. ನಮ್ಮೂರ ಬೆಟ್ಟ ಹಾಕ್ದೆ.”

ನಮ್ಮವರು ದಾವಣಗೆರೆಯ ಬಯಲಿನವರು, ಒಂದನೇ ಮಹಡಿಗೂ ಲಿಫ್ಟಿನಲ್ಲೇ ಬರುತ್ತಿದ್ದವರು ಎಂದೆ.

ಆಂಟೋನಿಯೊ ಸ್ವಲ್ಪ ಯೋಚಿಸಿದರು. “ಬೆಟ್ಟ ಚಿಕ್ಕದು ಮಾಡ್ಲಾ?”

ಕಾಗದ ಇರಲಿ ಎಂದು ಹೇಳಿ ಬಂದೆ. ಸಂಜೆ ಮೇಲ್ಮನೆಯ ಸ್ವೀಡಿಷ್ ಹೆಂಗಸು, ಇಷ್ಟು ವರ್ಷ ತಲೆಯಾಡಿಸಿದ್ದು ಬಿಟ್ಟರೆ ಮಾತಾಡದವರು, ಬನ್ ಹಿಡಿದು ಬಂದರು. “ನನಗೋಸ್ಕರ ಲಿಫ್ಟ್ ಹಿಡಿದು ನಿಲ್ತಿದ್ದೋರು ಅವರೇ ಅಲ್ವಾ?” ಎಂದರು. ಹೌದು ಎಂದೆ. ಆಕೆ ಒಳಗೆ ಬಂದು ಕೂತರು. ಆಮೇಲೆ ಇನ್ನೂ ಕೆಲವರು ಬಂದರು.

ಗೋಡೆಗೆ ಏನನ್ನೂ ಅಂಟಿಸಬಾರದೆಂಬ ನಿಯಮವಿದೆ. ಮರುದಿನ ಕಟ್ಟಡ ನೋಡಿಕೊಳ್ಳುವವರು ಕಾಗದವನ್ನು ಜೋಪಾನವಾಗಿ ಬಿಡಿಸಿ ನನ್ನ ಕೈಗೆ ಕೊಟ್ಟರು. ಅದೀಗ ದೇವರ ಗೂಡಿನ ಪಕ್ಕದಲ್ಲಿದೆ. ಬೆಟ್ಟವನ್ನು ಚಿಕ್ಕದು ಮಾಡಿಸಲಿಲ್ಲ.