ಅಮರೇಶನ ತಂಬಾಕಿನ ಕಷಾಯ

“ಅಣ್ಣಾರ, ಇವ್ರು ಅಡಿಗಿಮನ್ಯಾಗ ತಂಬಾಕಿನ ಕಷಾಯ ಮಾಡಾಕತ್ತಾರ. ನೀವಾರ ಬಂದು ಬುದ್ಧಿ ಹೇಳ್ರಿ.”

ಕಳೆದ ಭಾನುವಾರ ಮಸ್ಕಿಯಿಂದ ಬಂದ ಫೋನು. ಮಾತಾಡಿದ್ದು ಸುವರ್ಣಾ, ನನ್ನ ಹಳೇ ಗೆಳೆಯ ಅಮರೇಶನ ಹೆಂಡತಿ. ಅಮರೇಶನ ಹೃದಯಕ್ಕೆ ಸ್ಟೆಂಟ್ ಬಿದ್ದಿದೆ. ಸಿಗರೇಟು ಬಿಡದಿದ್ದರೆ ನನ್ನ ಹತ್ತಿರ ಬರಲೇಬೇಡಿ ಎಂದು ಡಾಕ್ಟರು ಗದರಿದ್ದರು. ಬಿಟ್ಟೂ ಇದ್ದ. ಈಗ ಇದೆಂಥ ಕಷಾಯ? ಸಿಂಧನೂರಿನಲ್ಲಿ ಸಿಕ್ಕ ಬಸ್ಸು ಹತ್ತಿದೆ.

ಹೋಗಿ ನೋಡಿದರೆ, ಕುಕ್ಕರಿನ ಪಕ್ಕ ಒಂದು ಜಾಮ್ ಬಾಟಲಿ. ಗ್ಲಿಸರಿನ್‌ನಲ್ಲಿ ತಂಬಾಕಿನ ಎಲೆ ನೆನೆದು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಕುಡಿಯಲಿಕ್ಕಲ್ಲ, ವೇಪ್‌ಗೆ. ಅಂದರೆ ಹೊಗೆಯ ಬದಲು ಆವಿ ಎಳೆಯುವ, ಪೆನ್ನಿನಂಥ ಮಷೀನಿಗೆ. (ನಮ್ಮ ದೇಶದಲ್ಲಿ ಅದನ್ನು ಮಾರುವಂತಿಲ್ಲ. ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ, ನನಗೂ ಅವನು ಹೇಳಲಿಲ್ಲ.)

“ಇದರ ಸಂಗಾಟ ಬರೋದು ಬರೇ ಮಾವಿನಹಣ್ಣು, ಪುದೀನಾ, ಬಬಲ್‌ಗಮ್ ವಾಸನಿ ಲೇ. ಐವತ್ತು ದಾಟಿದ ಮ್ಯಾಲೆ ಬಬಲ್‌ಗಮ್ ಎಳೀಲೇನು? ಅದಕ್ಕ ಯೂಟ್ಯೂಬ್ ನೋಡಿ ನಾನ ತಂಬಾಕಿನ ಫ್ಲೇವರ್ ಮಾಡೀನಿ” ಎಂದ.

ಬಸ್ಸಿನಲ್ಲೇ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಹೃದಯಕ್ಕೆ ಹೊಗೆಯಷ್ಟೇ ಅಲ್ಲ, ನಿಕೋಟಿನ್ನೂ ಶತ್ರು ಇತ್ಯಾದಿ. ಅಷ್ಟರಲ್ಲಿ ಅವನು ಮುಚ್ಚಳ ತೆಗೆದ.

ತಂಬಾಕಿನ ಘಮ ಮೂಗಿಗೆ ಬಡಿದದ್ದೇ ಭಾಷಣ ಮರೆತೇಹೋಯಿತು.

ನಮ್ಮ ಲಿಂಗಸುಗೂರಿನ ದಿನಗಳು! ಆಗಷ್ಟೇ ಮೇಷ್ಟ್ರಾಗಿದ್ದೆ. ಅವನು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇಬ್ಬರದೂ ಒಂದೇ ಬಾಡಿಗೆ ಕೋಣೆ. ಸಂಜೆಯಾದರೆ ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಒರಗಿ ಇಬ್ಬರಿಗೂ ಸೇರಿ ಒಂದೇ ಸಿಗರೇಟು. ನಾನು ನೋಡಿ ಬಂದ ಹುಡುಗಿಯ ಬಗ್ಗೆ ಮೊದಲು ಹೇಳಿದ್ದು ಅಲ್ಲಿ. ತನ್ನ ಅಪ್ಪ ತೀರಿಕೊಂಡಾಗ ಅವನು ಅತ್ತದ್ದೂ ಅಲ್ಲೇ. ಯಾಕಲೇ ಅಂದರೆ, “ಹೊಗಿ ಕಣ್ಣಾಗ ಹೋತು” ಅಂದಿದ್ದ.

ಈಗ ಆ ಕಂದು ರಸವನ್ನು ಮಷೀನಿಗೆ ತುಂಬಿ ಒಂದು ದಮ್ ಎಳೆದ. ನಾನು ಬೇಡ ಅನ್ನುವುದರೊಳಗೆ ಎಳೆದಾಗಿತ್ತು. ಕೆಮ್ಮಿದ. ಮುಖ ಸಪ್ಪಗಾಯಿತು.

“ಇದಲ್ಲ ಲೇ. ನೀ ಮೂಸಿ ನೋಡು.”

ಮೂಸಿದೆ. ತಂಬಾಕೇನೋ ಹೌದು. ಆದರೂ ಅದಲ್ಲ. ಡೀಸೆಲ್ ಹೊಗೆ ಇಲ್ಲ ಎಂದೆ. ಬಜ್ಜಿ ಕರಿದ ಎಣ್ಣೆಯ ವಾಸನೆ ಇಲ್ಲ ಎಂದ. ಇಬ್ಬರೂ ನಕ್ಕೆವು. ಆಮೇಲೆ ಅವನು ಬಾಟಲಿ ನೋಡುತ್ತ ಮೆಲ್ಲಗೆ ಹೇಳಿದ:

“ಸಿಗರೇಟ್ ಹೋತು ಅಂತ ಬ್ಯಾಸರಿಲ್ಲೋ. ಅದರ ಸಂಗಾಟ ನೀನೂ ಹೋದಿ.”

ನಿಜವೇ. ಸಿಗರೇಟನ್ನು ಮೊದಲು ಬಿಟ್ಟವನು ನಾನು. ಆಮೇಲೆ ನಾವು ಜಗಳವಾಡಲಿಲ್ಲ, ಮುನಿಸಿಕೊಳ್ಳಲಿಲ್ಲ. ಮದುವೆ ಮುಂಜಿಯಲ್ಲಿ ಸಿಗುತ್ತಿದ್ದೆವು, ಆರಾಮ ಇದ್ದೀಯಾ ಎನ್ನುತ್ತಿದ್ದೆವು. ಆದರೆ “ನಡಿ, ಒಂದು ಹಚ್ಚಿ ಬರೋಣು” ಎಂದು ಹೊರಗೆ ಕರೆಯುವ ನೆಪವೇ ಇರಲಿಲ್ಲ. ಬರೀ “ನಡಿ, ಮಾತಾಡೋಣು” ಎಂದು ಯಾರಾದರೂ ಕರೆಯುತ್ತಾರೆಯೇ?

ಸುವರ್ಣಾ ಚಹಾ ತಂದಳು. ಅಮರೇಶ ಬಾಟಲಿಯನ್ನು ಅವಳ ಕೈಗಿಟ್ಟ.

“ಬಚ್ಚಲಕ್ಕ ಚೆಲ್ಲು.”

“ಖರೇನ?” ಎಂದಳು. ಉತ್ತರಕ್ಕೆ ಕಾಯದೆ ಹೋಗಿ ಸುರಿದಳು. ಮಷೀನಿಗೂ ಕೈ ಚಾಚಿದಳು. ಅವನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ಕೊಟ್ಟ.

ನೀರು ಹಾಕಿದರೂ ಬಚ್ಚಲಿನಿಂದ ಆ ಘಮ ಬರುತ್ತಲೇ ಇತ್ತು. ಇಬ್ಬರು ನರೆಗೂದಲಿನವರು ಬಚ್ಚಲ ಬಾಗಿಲಲ್ಲಿ ನಿಂತು ಮೂಗರಳಿಸುತ್ತಿದ್ದೆವು. (ನಗಬೇಡಿ. ನೀವು ಬಿಟ್ಟದ್ದು ಏನಾದರೂ ಇದ್ದರೆ ಅರ್ಥವಾಗುತ್ತದೆ.)

ಸಂಜೆಯವರೆಗೆ ಕೂತೆವು. ಸ್ಟೆಂಟ್ ಹಾಕುವಾಗ ತಾನೆಷ್ಟು ಹೆದರಿದ್ದೆ ಎಂಬುದನ್ನು ಅವನು ಆವತ್ತೇ ಮೊದಲ ಸಲ ಬಾಯಿಬಿಟ್ಟು ಹೇಳಿದ. ಸುವರ್ಣಾಳಿಗೂ ಹೇಳಿರಲಿಲ್ಲವಂತೆ. ಈ ಸಲ ಕಣ್ಣೊರೆಸಿಕೊಂಡಾಗ ದೂರಲಿಕ್ಕೆ ಹೊಗೆಯೂ ಇರಲಿಲ್ಲ.

ಬಸ್ಸಿನತನಕ ಕಳಿಸಲು ಬಂದ. “ಮುಂದಿನ ಐತಾರ ಬರ್ತಿಯೇನಲೇ?” ಎಂದು ಕೇಳಿದ. ಬರ್ತೀನಿ ಎಂದೆ.

ಹೇಳಿ, ಇಬ್ಬರು ಗಂಡಸರು ಮನಸ್ಸು ಬಿಚ್ಚಿ ಮಾತಾಡಬೇಕಾದರೆ ನಡುವೆ ಏನಾದರೂ ಉರಿಯುತ್ತಿರಲೇಬೇಕೇ?