ಅಮ್ಮಣಿ ದಾಟದ ಹೊಸ್ತಿಲು

ಸುಳಿಗಾಳಿಯಲ್ಲೂ ದೊಡ್ಡದು ಚಿಕ್ಕದು ಎಂದು ಉಂಟಂತೆ. ಊಟಿಗೆ ರೈಲು ಬಂದ ಮೂರನೆಯ ವರ್ಷ, ಚಿತ್ತಿರೆ ತಿಂಗಳಲ್ಲಿ, ತುಮ್ಮನಟ್ಟಿಯ ಆಚೆಗಿನ ಒಂದು ಪುಟ್ಟ ಹಟ್ಟಿಗೆ ಬಂದದ್ದು ಚಿಕ್ಕದು. ಕುದುರೆಯೇರಿ ಬಂದ ಗುಮಾಸ್ತ ಮೂರು ಹುಲ್ಲುಮಾಡು, ಒಂದು ನೇರಳೆ ಮರ, ಮಲಗಿಹೋದ ಬಾರ್ಲಿ, ಒಬ್ಬ ಗಂಡಸು ಎಂದು ಬರೆದುಕೊಂಡು, ಕೆಳಗೆ ‘ಹಾನಿ ಅಲ್ಪ’ ಎಂದು ಸೇರಿಸಿ, ಮಜ್ಜಿಗೆ ಕುಡಿದು ಹೋದ. ಆ ಒಬ್ಬ ಗಂಡಸು ಅಮ್ಮಣಿಯ ಗಂಡ ಮಲ್ಲ.

ಅಮ್ಮಣಿ ಕೆತ್ತಿ ಊರಿನ ಕಡೆಯ ಹೆಣ್ಣು. ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡಸರೇ ಹೊರಲು ಹಿಂದೆಮುಂದೆ ನೋಡುವ ಸೌದೆಹೊರೆಯನ್ನು ತಲೆಗೇರಿಸಿಕೊಂಡು, ದಾರಿಯುದ್ದಕ್ಕೂ ಮಾತಾಡುತ್ತ, ಮಾತಿಗೆ ಯಾರೂ ಸಿಗದಿದ್ದರೆ ಎಮ್ಮೆಯ ಜೊತೆಗಾದರೂ ಹರಟುತ್ತ ಬರುವವಳು. “ಇವಳ ನಾಲಗೆಗೊಂದು ಮೂಗುದಾರ ಬೇಕು” ಎಂದು ಮಲ್ಲ ರೇಗಿಸುತ್ತಿದ್ದ. ಅವಳು ಸುಮ್ಮನಿದ್ದ ದಿನ ಮಾತ್ರ ಅವನಿಗೆ ಕೂಳು ಇಳಿಯುತ್ತಿರಲಿಲ್ಲ.

ಆ ಮನೆಯಲ್ಲಿ ಅವಳ ಕಾಲು ತುಳಿಯದ ಜಾಗ ಒಂದೇ: ಹಾಗೊಟ್ಟು, ಎಂದರೆ ಒಳಮನೆಗೆ ಅಂಟಿಕೊಂಡ ಹಾಲಿನ ಕೋಣೆ. ನೀಲಗಿರಿಯ ಈ ಬಡಗರಲ್ಲಿ ಹಾಲು ಕರೆಯುವುದು, ತಂದಿಡುವುದು ಗಂಡಸಿನ ಕೆಲಸ; ಆ ಹೊಸ್ತಿಲನ್ನು ಹೆಣ್ಣು ದಾಟುವಂತಿಲ್ಲ. ಅಂಬೆಗಾಲಿಡುವ ಹೆಣ್ಣುಕೂಸು ಅತ್ತ ಹೊರಟರೂ ಯಾರಾದರೂ ಎತ್ತಿ, ತಿರುಗಿಸಿ ಬಿಡುತ್ತಿದ್ದರು. ಅಮ್ಮಣಿಯ ಕಾಲು ಹಾಗೆ ಪಳಗಿದ್ದು.

ಗಾಳಿ ಬಂದದ್ದು ಸಂಜೆಯ ಹಾಲು ಕರೆದಾದ ಮೇಲೆ. ಮಲ್ಲ ಗಡಿಗೆ ಇಡಲು ಒಳಗೆ ಹೋಗಿದ್ದ. ಅಮ್ಮಣಿ ಅಂಗಳದಲ್ಲಿ ಸಾಮೆ ಕೇರುತ್ತಿದ್ದಳು. ಕರಿಮೋಡದಿಂದ ದನದ ಬಾಲದಂಥ ಒಂದು ಎಳೆ ಕೆಳಗಿಳಿದು, ಗಿರಗಿರನೆ ತಿರುಗುತ್ತ ಗುಡ್ಡ ಹತ್ತಿ ಬಂತು. ಕೈಯ ಮೊರ ಹಾರಿತು, ಅವಳೂ ನೆಲಕ್ಕೆ ಬಿದ್ದಳು. ತಲೆಯೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯ ಮೇಲೆ ಮಾಡು ಇರಲಿಲ್ಲ. ಹಾಲಿನ ಕೋಣೆಯ ಮಣ್ಣುಗೋಡೆಗಳು ಕುಸಿದು, ಬಾಗಿಲ ಚೌಕಟ್ಟೊಂದು ನೆಟ್ಟಗೆ ನಿಂತಿತ್ತು. ಅದರಾಚೆ, ಚೆಲ್ಲಿದ ಹಾಲಿನಲ್ಲಿ, ಮಲ್ಲ ಅಂಗಾತ ಬಿದ್ದಿದ್ದ. ಕೈಗಳೆರಡೂ ಗೋಡೆಮಣ್ಣಿನ ಅಡಿ, ಎದೆಯ ಮೇಲೆ ಮಾಡಿನ ತೊಲೆ.

“ಅಮ್ಮಣಿ, ಬಾ” ಎಂದ. “ತೊಲೆ ಎತ್ತು. ಉಸಿರು ಬಪ್ಪದಿಲ್ಲೆ.”

ಅವಳು ಓಡಿದಳು. ಚೌಕಟ್ಟಿನವರೆಗೆ ಓಡಿದಳು. ಅಲ್ಲಿ ಕಾಲು ನಿಂತಿತು. ಎಡಕ್ಕೆ ಎರಡು ಹೆಜ್ಜೆ ಸರಿದಿದ್ದರೆ ಗೋಡೆಯೂ ಇಲ್ಲ, ಹೊಸ್ತಿಲೂ ಇಲ್ಲ. ಅದು ಅವಳಿಗೆ ಹೊಳೆಯಲಿಲ್ಲ. ದೇವರ ಭಯವೆನ್ನೋಣವೆಂದರೆ ಆ ಗಳಿಗೆಯಲ್ಲಿ ದೇವರು ಅವಳ ನೆನಪಿನಲ್ಲೇ ಇರಲಿಲ್ಲ. “ಇರು, ಗಂಡಸರ ಕರಕೊಂಡು ಬಪ್ಪೆ!” ಎಂದು ಕೂಗಿ, ಮೇಲಿನ ಆಲೂಗಡ್ಡೆ ಹೊಲದತ್ತ ಏದುತ್ತ ಹತ್ತಿದಳು.

ಗಂಡಸರು ಇಳಿದು ಬರುವುದರೊಳಗೆ ಒಂದು ಮಡಕೆ ಸಾಮೆ ಬೆಂದಿರುತ್ತಿತ್ತು. ಮಲ್ಲನ ಅಣ್ಣ ಭೋಜನ್ ತೊಲೆಯನ್ನು ಒಂದೇ ಕೈಯಲ್ಲಿ ಎತ್ತಿ ಬದಿಗೆಸೆದ. ಅಷ್ಟೇ ಅದರ ಭಾರ. ಮಲ್ಲನಲ್ಲಿ ಉಸಿರಿರಲಿಲ್ಲ.

ಹೊಗಳಿಕೆ ಶುರುವಾದದ್ದು ಆಮೇಲೆ. “ಗಂಡನ ಜೀವ ಹೋಪಾಗಲೂ ಹೊಸಲು ತುಳಿಯಲಿಲ್ಲೆ ಈ ಹೆಣ್ಣು” ಎಂದು ಭೋಜನ್ ಊರ ಮುಂದೆ ಹೇಳಿದ. ಬೇರೆ ಹಟ್ಟಿಗಳ ಅತ್ತೆಯರು ಸೊಸೆಯರನ್ನು ಕರೆತಂದು ಇವಳನ್ನು ತೋರಿಸಿದರು. ಗಂಡ ಸತ್ತವಳು ಮತ್ತೆ ಮದುವೆಯಾಗುವುದು ಅವರಲ್ಲಿ ಸಹಜ. ಇಬ್ಬರು ಕೇಳಿಕೊಂಡು ಬಂದರು. ಅಮ್ಮಣಿ ಒಲ್ಲೆ ಎಂದಳು. ಅದೂ ಹೊಗಳಿಕೆಯ ಕಣಜಕ್ಕೇ ಬಿತ್ತು. ಬೈದು ಕೊಲ್ಲುವವರನ್ನು ಲೋಕ ಕಂಡಿದೆ. ಈ ಪುಣ್ಯಾತ್ಮರು ಹೊಗಳಿ ಹೊಗಳಿ ಕೊಂದರು. ಎಮ್ಮೆಯ ಜೊತೆ ಹರಟುತ್ತಿದ್ದವಳಿಗೆ ಮನುಷ್ಯರ ಜೊತೆಗೂ ಮಾತು ಬೇಡವಾಯಿತು. ಮಲ್ಲ ತನ್ನನ್ನು ಕರೆದಿದ್ದ ಎಂಬುದನ್ನಂತೂ ಅವಳು ಯಾರಿಗೂ ಹೇಳಲಿಲ್ಲ.

ಬಡಗರ ಸಾವಿನಲ್ಲಿ ಒಂದು ಪದ್ಧತಿಯಿದೆ. ಹೆಣದ ಮುಂದೆ ಹಿರಿಯನೊಬ್ಬ ನಿಂತು ಸತ್ತವರ ಪಾಪಗಳನ್ನು ಕೂಗುತ್ತಾನೆ. ನೆರೆದವರು ಅದು ಕಳೆಯಲಿ ಎನ್ನುತ್ತಾರೆ. ಮಾಡಿರಲಿ ಬಿಟ್ಟಿರಲಿ, ಎಲ್ಲರಿಗೂ ಅವೇ ಪಾಪಗಳು: ಗಡಿಯ ಕಲ್ಲು ಸರಿಸಿದ್ದು, ಹಾದಿಗೆ ಮುಳ್ಳು ಹಾಕಿದ್ದು, ಬಾಯಾರಿ ಬಂದ ದನವನ್ನು ಅಟ್ಟಿದ್ದು, ಹೀಗೆ. ಇಪ್ಪತ್ತೆರಡು ವರ್ಷ ಅಮ್ಮಣಿ ಸುತ್ತಲಿನ ಯಾವ ಸಾವನ್ನೂ ತಪ್ಪಿಸಲಿಲ್ಲ. ತನ್ನದೂ ಬರುತ್ತದೇನೋ ಎಂದು ಹೆಂಗಸರ ನಡುವೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಯಾವ ಬಾಯಿಂದಲೂ ಅದು ಬರಲಿಲ್ಲ.

ಎದೆಯ ಕೆಮ್ಮು ಬಿಡದೆ ಹಿಡಿದು, ಇನ್ನು ಹೆಚ್ಚು ದಿನವಿಲ್ಲವೆಂದು ತಿಳಿದಾಗ ಅವಳು ಭೋಜನ್‌ನ ಜಗುಲಿಗೆ ಹೋಗಿ ಕೂತಳು. ಪಾಪ ಕೂಗುವ ಹಿರಿತನ ಈಗ ಅವನದಾಗಿತ್ತು.

“ಭಾವ, ನನ್ನ ಸಾವಿಗೆ ಒಂದು ಪಾಪ ಹೆಚ್ಚಾಗಿ ಕೂಗಬೇಕು.”

“ನಿನ್ನದು ಏನ ಪಾಪ?”

“ಅಂದು ಅವ ಕರೆದ. ಬಾ, ತೊಲೆ ಎತ್ತು ಎಂದ. ನಾ ಹೋಗಲಿಲ್ಲೆ.”

ಭೋಜನ್‌ನ ಕಣ್ಣು ತುಂಬಿ ಬಂತು. ತಮ್ಮನ ನೆನಪಾಗಿರಬೇಕು, ಈಗ ಬೈಯುತ್ತಾನೆ ಎಂದು ಅವಳು ಆಸೆಯಿಂದ ಕಾದಳು. ಒಂದೇ ಒಂದು ಬೈಗುಳ ಸಾಕಿತ್ತು ಅವಳಿಗೆ.

“ಕರೆದರೂ ಹೋಗಲಿಲ್ಲೆಯಾ!” ಎಂದು ಉದ್ಗರಿಸಿದ ಭೋಜನ್, ಎದ್ದು ನಿಂತು ಅವಳಿಗೆ ಕೈಮುಗಿದ.

ಮಾರನೆಯ ಬೆಳಗ್ಗೆ ನೀರಿನ ಒರತೆಯ ಬಳಿ ಹೆಂಗಸರು ಮಾತು ನಿಲ್ಲಿಸಿ ಅವಳಿಗೆ ದಾರಿ ಬಿಟ್ಟರು. ಆ ವರ್ಷವಷ್ಟೇ ಮದುವೆಯಾಗಿ ಬಂದ ಸೊಸೆಯೊಬ್ಬಳು ಕೊಡ ಕೆಳಗಿಟ್ಟು, ಬಗ್ಗಿ, ಅಮ್ಮಣಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.